ಗ್ರಾಂಡೆ ದ್ವೀಪದ ಹತ್ತಿರ ಕಂಡ ಆ ರೆಕ್ಕೆ: ದೋಣಿಯಿಂದ ಶಾರ್ಕ್ ಗುರುತಿಸುವುದು ಹೇಗೆ?

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗ ಧಾರವಾಡದಿಂದ ಗೋವಾದ ವಾಸ್ಕೋಗೆ ಬಂದಿದ್ದ. ಹನ್ನೆರಡು ವರ್ಷದ ಹುಡುಗ, ಸಮುದ್ರ ಅಂದ್ರೆ ಜೀವ. ಒಂದು ಭಾನುವಾರ ಬೆಳಿಗ್ಗೆ ಬೈನಾದಿಂದ ದೋಣಿಯಲ್ಲಿ ಗ್ರಾಂಡೆ ದ್ವೀಪದ ಕಡೆ ಹೊರಟೆವು. ದೋಣಿಯವರು ಕಾರವಾರದ ಕಡೆಯವರು. ಕನ್ನಡ, ಕೊಂಕಣಿ ಎರಡೂ ಅವರಿಗೆ ಸಲೀಸು. ದ್ವೀಪ ಹತ್ತಿರ ಬರುತ್ತಿದ್ದಾಗ ಹುಡುಗ ಒಮ್ಮೆಲೇ ಎದ್ದು ನಿಂತ.

"ಮಾಮಾ, ಅಲ್ಲಿ ನೋಡ್ರಿ! ಶಾರ್ಕ್!"

ಐವತ್ತು ಅಡಿ ದೂರದಲ್ಲಿ ನೀರಿನ ಮೇಲೆ ಬೂದು ಬಣ್ಣದ ಒಂದು ತ್ರಿಕೋನ. ಸದ್ದಿಲ್ಲದೆ ಸಾಗುತ್ತಿತ್ತು. ದೋಣಿಯವರು ಎಂಜಿನ್ ನಿಧಾನ ಮಾಡಿ ಕಣ್ಣು ಕಿರಿದು ಮಾಡಿ ನೋಡಿದರು. "ಮೋರಿ ಹೌದು" ಅಂದರು. "ಯಾವ ಮೋರಿ ಅಂತ ಮಾತ್ರ ಈಗ್ಲೇ ಹೇಳ್ಲಿಕ್ಕೆ ಆಗೂದಿಲ್ಲ."

ಹುಡುಗನಿಗೆ ಗೊಂದಲ. ನಮ್ಮ ಕಡೆ ಮೋರಿ ಅಂದ್ರೆ ಕೊಳಚೆ ನೀರು ಹರಿಯುವ ಕಾಲುವೆ. ಗೋವಾದ ಕೊಂಕಣಿಯಲ್ಲಿ ಮೋರಿ ಅಂದ್ರೆ ಶಾರ್ಕ್. ಮುಂಬೈ ಕಡೆ ಮರಾಠಿಯಲ್ಲಿ ಅದೇ ಮುಶಿ, ನಮ್ಮ ಉಡುಪಿ ಕುಂದಾಪುರದ ಕಡೆ ತಾಟೆ. ಈ ಹೆಸರುಗಳು ಒಂದೊಂದೂ ಹತ್ತಾರು ಜಾತಿಗಳನ್ನು ಒಟ್ಟಿಗೆ ಹಿಡಿದಿಡುತ್ತವೆ. ಜಗತ್ತಿನಲ್ಲಿ 500ಕ್ಕೂ ಜಾಸ್ತಿ ಜಾತಿಯ ಶಾರ್ಕ್‌ಗಳಿವೆ. ಅಂಗೈ ಅಗಲದ ರೆಕ್ಕೆಯೊಂದನ್ನು ನೋಡಿ ಅದರಲ್ಲಿ ಯಾವುದು ಅಂತ ಹೇಳುವುದು ಹೇಗೆ?

ಆ ದಿನ ನಾವು ಮೂವರೂ ದೋಣಿಯಲ್ಲೇ ಕೂತು ಅದನ್ನು ಹಂತ ಹಂತವಾಗಿ ಬಿಡಿಸುತ್ತಾ ಹೋದೆವು. ಹೆಸರು ಕೊನೆಗೆ ಬರಲಿ, ಕಂಡಿದ್ದು ಮೊದಲು ಬರಲಿ ಅನ್ನುವುದು ನಮ್ಮ ಕ್ರಮ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಅದು ಶಾರ್ಕ್ ಹೌದಾ? ಗೋವಾದ ನೀರಿನಲ್ಲಿ ಈ ಪ್ರಶ್ನೆ ತುಂಬಾ ಮುಖ್ಯ. ಯಾಕೆಂದರೆ ಇಲ್ಲಿ ಪ್ರವಾಸಿಗಳಿಗೆ ಕಾಣುವ ರೆಕ್ಕೆಗಳಲ್ಲಿ ಹೆಚ್ಚಿನವು ಡಾಲ್ಫಿನ್‌ನವು. ದಡದ ಹತ್ತಿರ ಓಡಾಡುವುದು ಹಂಪ್‌ಬ್ಯಾಕ್ ಡಾಲ್ಫಿನ್. ಅದರ ಬೆನ್ನಿನ ಮೇಲೆ ಉದ್ದನೆಯ ಡುಬ್ಬ ಇರುತ್ತದೆ, ಆ ಡುಬ್ಬದ ಮೇಲೆ ಸಣ್ಣ ರೆಕ್ಕೆ. ಡಾಲ್ಫಿನ್ ಉಸಿರಾಡಲು ಮೇಲೆ ಬರಲೇಬೇಕು. ಹಾಗಾಗಿ ಅದರ ರೆಕ್ಕೆ ಬಿಲ್ಲಿನ ಹಾಗೆ ಬಾಗುತ್ತಾ ಮೇಲೇಳುತ್ತದೆ, ಉರುಳುತ್ತದೆ, ಮುಳುಗುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಪುಸ್ ಅಂತ ಉಸಿರು ಬಿಡುವ ಸದ್ದೂ ಕೇಳುತ್ತದೆ.

ಶಾರ್ಕ್‌ಗೆ ಗಾಳಿ ಬೇಕಿಲ್ಲ. ಕಿವಿರಿನ ಮೂಲಕ ನೀರಿನಲ್ಲಿಯೇ ಉಸಿರಾಡುತ್ತದೆ. ಅದರ ರೆಕ್ಕೆ ಒಂದೇ ಮಟ್ಟದಲ್ಲಿ, ನೀರನ್ನು ಕತ್ತರಿಸಿದ ಹಾಗೆ ನೇರ ಹೋಗುತ್ತದೆ. ಆಮೇಲೆ ಆ ರೆಕ್ಕೆಯ ಹಿಂದೆ ನೋಡಬೇಕು. ಡಾಲ್ಫಿನ್‌ನ ಬಾಲ ಹಲಗೆಯ ಹಾಗೆ ಅಡ್ಡಕ್ಕೆ ಮಲಗಿರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ಶಾರ್ಕ್‌ನ ಬಾಲ ದೋಣಿಯ ಚುಕ್ಕಾಣಿಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಆಡುತ್ತದೆ. ಬೆನ್ನಿನ ರೆಕ್ಕೆ ಸ್ಥಿರವಾಗಿ, ಅದರ ಹಿಂದೆ ಇನ್ನೊಂದು ತುದಿ ಅತ್ತಿತ್ತ ಓಲಾಡುತ್ತಾ ಕಂಡರೆ ಅದು ಬಾಲದ ತುದಿ. ಅಷ್ಟು ಕಂಡರೆ ಶಾರ್ಕ್ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಮೋಸ ಮಾಡುವ ಪ್ರಾಣಿ ತೊರಕೆ, ಅಂದರೆ ಚಪ್ಪಟೆ ಮೈಯ ರೇ ಮೀನು. ದೊಡ್ಡ ತೊರಕೆಗಳು ನೀರಿನ ಮೇಲ್ಭಾಗಕ್ಕೆ ಬಂದಾಗ ಎರಡು ರೆಕ್ಕೆಗಳ ತುದಿ ಹೊರಗೆ ಕಾಣುತ್ತವೆ. ಎರಡು ಶಾರ್ಕ್ ಜೋಡಿಯಾಗಿ ಹೋಗುತ್ತಿವೆ ಅನ್ನಿಸುತ್ತದೆ. ಆದರೆ ತೊರಕೆಯ ತುದಿಗಳು ಅಕ್ಕಪಕ್ಕ ಇರುತ್ತವೆ. ಶಾರ್ಕ್‌ನ ರೆಕ್ಕೆ ಮತ್ತು ಬಾಲ ಒಂದರ ಹಿಂದೆ ಒಂದು ಇರುತ್ತವೆ.

ನಮಗೆ ಕಂಡಿದ್ದು ಒಂದರ ಹಿಂದೆ ಒಂದು. ಹಿಂದಿನದು ಓಲಾಡುತ್ತಿತ್ತು. ದೋಣಿಯವರು ಹೇಳಿದ್ದು ಸರಿ, ಮೋರಿಯೇ.

ಎರಡನೆಯದು ಅಳತೆ. ಇಲ್ಲಿ ಬಹಳ ಜನ ಎಡವುತ್ತಾರೆ. ಉತ್ಸಾಹದಲ್ಲಿ ಕಣ್ಣು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಸ್ಕೂಬಾ ಮಾಡುವವರಿಗೆ ಇನ್ನೊಂದು ತೊಂದರೆಯೂ ಇದೆ. ಮಾಸ್ಕ್ ಹಾಕಿ ನೀರೊಳಗೆ ನೋಡಿದಾಗ ಬೆಳಕು ಬಾಗುವುದರಿಂದ ವಸ್ತುಗಳು ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ಸುಮ್ನೆ ಕಣ್ಣಳತೆ ಹೇಳಬಾರದು, ಪಕ್ಕದಲ್ಲಿರುವ ಯಾವುದಾದರೂ ವಸ್ತುವಿಗೆ ಹೋಲಿಸಬೇಕು.

ದೋಣಿಯಿಂದ ಅಳೆಯಲು ಒಳ್ಳೆಯ ದಾರಿ ಒಂದಿದೆ. ಬೆನ್ನಿನ ರೆಕ್ಕೆಯ ತುದಿಯಿಂದ ಬಾಲದ ತುದಿಯವರೆಗಿನ ಅಂತರ ನೋಡಿ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾದ ಬೂದು ಶಾರ್ಕ್‌ಗಳಲ್ಲಿ ಆ ಅಂತರ ಇಡೀ ಮೈಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅಂದರೆ ಆ ಅಂತರದ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಹಿಡಿದರೆ ಒಟ್ಟು ಉದ್ದದ ಅಂದಾಜು ಸಿಗುತ್ತದೆ. ನಮ್ಮ ಶಾರ್ಕ್ ದೋಣಿಯ ಪಕ್ಕಕ್ಕೇ ಬಂದಾಗ ಆ ಎರಡು ತುದಿಗಳು ದೋಣಿಯ ಎರಡು ಅಡ್ಡ ಹಲಗೆಗಳ ನಡುವಿನ ಜಾಗಕ್ಕೆ ಸರಿಹೊಂದಿದವು. ದಡಕ್ಕೆ ಬಂದಮೇಲೆ ಟೇಪ್ ಹಿಡಿದು ಆ ಹಲಗೆಗಳ ಅಂತರ ಅಳೆದೆವು. 1.1 ಮೀಟರ್. ಅಂದರೆ ಶಾರ್ಕ್ ಎರಡು ಮೀಟರ್‌ಗೆ ಸ್ವಲ್ಪ ಕಡಿಮೆ. ಹುಡುಗ ದೋಣಿಯಲ್ಲಿ ಹೇಳಿದ್ದು ನಾಲ್ಕು ಮೀಟರ್!

ಅಳತೆ ಸಿಕ್ಕರೆ ಎಷ್ಟೋ ಹೆಸರುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಮುಂಬೈಯಿಂದ ಗೋವಾವರೆಗೆ ಮಾರುಕಟ್ಟೆಯಲ್ಲಿ ಜಾಸ್ತಿ ಕಾಣುವ ಚಪ್ಪಟೆ ಮೂತಿಯ ಸ್ಪೇಡ್‌ನೋಸ್ ಶಾರ್ಕ್ (ವೈಜ್ಞಾನಿಕ ಹೆಸರು ಸ್ಕೋಲಿಯೋಡಾನ್ ಲ್ಯಾಟಿಕಾಡಸ್) ಒಂದು ಮೀಟರ್ ದಾಟುವುದಿಲ್ಲ. ಅದು ಹೋಯಿತು. ಸಿನಿಮಾಗಳ ದೊಡ್ಡ ಬಿಳಿ ಶಾರ್ಕ್ ತಂಪು ನೀರಿನ ಕಡೆ ಹೆಚ್ಚಾಗಿ ಇರುವ ಪ್ರಾಣಿ. ಗೋವಾದಲ್ಲಿ ರೆಕ್ಕೆ ಕಂಡ ತಕ್ಷಣ ಅದರ ಹೆಸರು ತೆಗೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಉಳಿದದ್ದು ನಿಜವಾಗಿಯೂ ಕಷ್ಟದ ಭಾಗ. ಬೂದು ಮೈ, ಬಿಳಿ ಹೊಟ್ಟೆ, ರೆಕ್ಕೆಯ ತುದಿಯಲ್ಲಿ ಕಪ್ಪು. ನಮಗೆ ಕಂಡಿದ್ದು ಇಷ್ಟು. ಹುಡುಗ ತಕ್ಷಣ ಫೋನ್ ತೆಗೆದು "ಬ್ಲ್ಯಾಕ್‌ಟಿಪ್ ಶಾರ್ಕ್" ಅಂದ. ಆದರೆ ಕಪ್ಪು ತುದಿ ಒಂದೇ ಜಾತಿಯ ಸೊತ್ತಲ್ಲ. ಕಾರ್ಕರೈನಸ್ ಅನ್ನುವ ಕುಲದಲ್ಲಿಯೇ ಎಷ್ಟೋ ಜಾತಿಗಳಿಗೆ ಅದು ಇದೆ. ಅಣ್ಣತಮ್ಮಂದಿರ ಹಾಗೆ ಒಂದೇ ಮುಖ. ಅವುಗಳನ್ನು ಬಿಡಿಸಲು ತಜ್ಞರು ನೋಡುವುದು ಸಣ್ಣ ಸಣ್ಣ ವಿಷಯಗಳನ್ನು.

ಹವಳದ ದಿಬ್ಬಗಳಲ್ಲಿ ಇರುವ ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್‌ಗೆ ಬೆನ್ನಿನ ರೆಕ್ಕೆಯ ತುದಿಯಲ್ಲಿ ಗಾಢ ಕಪ್ಪು, ಅದರ ಕೆಳಗೆ ಒಂದು ತಿಳಿ ಬಣ್ಣದ ಪಟ್ಟಿ. ಆ ಪಟ್ಟಿಯಿಂದ ಕಪ್ಪು ಇನ್ನೂ ಎದ್ದು ಕಾಣುತ್ತದೆ. ನಮ್ಮದರಲ್ಲಿ ಪಟ್ಟಿ ಇರಲಿಲ್ಲ. ಸ್ಪಾಟ್‌ಟೇಲ್ ಅನ್ನುವ ಶಾರ್ಕ್‌ಗೆ ಎದೆಯ ರೆಕ್ಕೆ, ಎರಡನೇ ಬೆನ್ನಿನ ರೆಕ್ಕೆ, ಬಾಲದ ಕೆಳಗಿನ ಭಾಗಗಳಲ್ಲಿ ದೊಡ್ಡ ಕಪ್ಪು ಕಲೆಗಳಿರುತ್ತವೆ. ಮೊದಲ ಬೆನ್ನಿನ ರೆಕ್ಕೆಯಲ್ಲಿ ಮಾತ್ರ ಕಪ್ಪು ತೆಳು ಅಂಚು ಅಷ್ಟೇ. ಅದು ಸಾಮಾನ್ಯವಾಗಿ 1.6 ಮೀಟರ್ ಒಳಗೇ ನಿಲ್ಲುತ್ತದೆ. ಅದೂ ಹೊಂದಲಿಲ್ಲ.

ಹಾಗಾದರೆ ಬ್ಲ್ಯಾಕ್‌ಟಿಪ್ (ರೀಫ್ ಶಾರ್ಕ್ ಅಲ್ಲ, ಬೇರೆ ಜಾತಿ) ಮತ್ತು ಸ್ಪಿನ್ನರ್ ಎರಡೂ ಮುಂದೆ ಬರುತ್ತವೆ. ಇವೆರಡನ್ನು ಬಿಡಿಸುವುದು ದೊಡ್ಡ ತಲೆನೋವು. ಎರಡೂ ನೀರಿನಿಂದ ಹಾರುತ್ತವೆ, ಹಾರುವಾಗ ಗಿರಗಿರ ತಿರುಗುತ್ತವೆ. ಸ್ಪಿನ್ನರ್ ಅನ್ನುವ ಹೆಸರು ಬಂದಿದ್ದೇ ಅದರಿಂದ, ಆದರೆ ತಿರುಗಿತು ಅಂದಮಾತ್ರಕ್ಕೆ ಸ್ಪಿನ್ನರ್ ಅಂತ ಬರೆದುಬಿಡುವ ಹಾಗಿಲ್ಲ. ವ್ಯತ್ಯಾಸ ಇರುವುದು ಹೊಟ್ಟೆಯ ಕೆಳಗೆ, ಬಾಲಕ್ಕೆ ಹತ್ತಿರ ಇರುವ ಸಣ್ಣ ರೆಕ್ಕೆಯಲ್ಲಿ. ಬೆಳೆದ ಸ್ಪಿನ್ನರ್‌ಗೆ ಅಲ್ಲಿಯೂ ಕಪ್ಪು ತುದಿ. ಬ್ಲ್ಯಾಕ್‌ಟಿಪ್‌ಗೆ ಆ ರೆಕ್ಕೆ ಸಾಮಾನ್ಯವಾಗಿ ಬಿಳಿ. ಇನ್ನೂ ಕಷ್ಟ ಏನೆಂದರೆ ಸ್ಪಿನ್ನರ್ ಮರಿಗಳಿಗೆ ಕಪ್ಪು ತುದಿಗಳೇ ಇರುವುದಿಲ್ಲ, ಬೆಳೆಯುತ್ತಾ ಬರುತ್ತವೆ. ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ದೋಣಿಯ ಮೇಲಿಂದ ನೋಡುವುದು ಹೇಗೆ? ಪ್ರಾಣಿ ಹಾರಿದರೆ ಮಾತ್ರ ಸಾಧ್ಯ. ನಮ್ಮದು ಹಾರಲಿಲ್ಲ.

ತಜ್ಞರು ನೋಡುವ ಮತ್ತೊಂದು ಗುರುತು ಬೆನ್ನಿನ ಏಣು. ಎರಡು ಬೆನ್ನಿನ ರೆಕ್ಕೆಗಳ ನಡುವೆ ಚರ್ಮ ಸಣ್ಣ ದಾರದ ಹಾಗೆ ಎದ್ದಿರುತ್ತದೆ. ಸ್ಪಾಟ್‌ಟೇಲ್‌ಗೆ ಅದು ಇದೆ, ಬ್ಲ್ಯಾಕ್‌ಟಿಪ್, ಸ್ಪಿನ್ನರ್, ಬುಲ್ ಶಾರ್ಕ್‌ಗಳಿಗೆ ಇಲ್ಲ. ಸತ್ತ ಮೀನಿನ ಬೆನ್ನ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಅಲೆಯ ಮೇಲಿನ ಬಿಸಿಲಿನ ಹೊಳಪಿನಲ್ಲಿ ಎಂಥ ಕಣ್ಣಿಗೂ ಕಾಣುವುದಿಲ್ಲ.

ಹೀಗೆ ನಾಲ್ಕೈದು ನಿಮಿಷ ಆದಮೇಲೆ ಅದು ಮುಳುಗಿತು. ನೋಟ್‌ಬುಕ್‌ನಲ್ಲಿ ನಾವು ಬರೆದದ್ದು: "ಗ್ರಾಂಡೆ ದ್ವೀಪದ ಹತ್ತಿರ. ಶಾರ್ಕ್, ಖಚಿತ. ಸುಮಾರು 1.9 ಮೀಟರ್. ಬೂದು. ಮೊದಲ ಬೆನ್ನಿನ ರೆಕ್ಕೆಯ ತುದಿ ಕಪ್ಪು, ಕೆಳಗೆ ತಿಳಿ ಪಟ್ಟಿ ಇಲ್ಲ. ಕಾರ್ಕರೈನಸ್ ಇರಬಹುದು. ಜಾತಿ ಗೊತ್ತಿಲ್ಲ." ಹುಡುಗನಿಗೆ ಕೊನೆಯ ಎರಡು ಪದ ಇಷ್ಟವಾಗಲಿಲ್ಲ, ಮುಖ ಸಣ್ಣದಾಯಿತು. ನನಗೆ ಆ ಪುಟದಲ್ಲಿ ಅತಿ ಬೆಲೆಯ ಪದಗಳು ಅವೇ ಅನ್ನಿಸುತ್ತವೆ. ತಪ್ಪು ಹೆಸರು ಒಮ್ಮೆ ಬರೆದರೆ ಮುಂದೆ ಓದುವವರಿಗೆ ಅದೇ ನಿಜ ಆಗಿಬಿಡುತ್ತದೆ. ಕಂಡದ್ದನ್ನು ಕಂಡಷ್ಟೇ ಬರೆದಿಟ್ಟರೆ, ನಾಳೆ ಬೇರೆ ಯಾರಾದರೂ ಅದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು.

ಎಲ್ಲ ಶಾರ್ಕ್‌ಗಳೂ ಹೀಗೆ ಸತಾಯಿಸುವುದಿಲ್ಲ. ದೋಣಿಯಿಂದಲೇ ಜಾತಿ ಹೆಸರು ಖಚಿತವಾಗಿ ಹೇಳಬಹುದಾದದ್ದು ವೇಲ್ ಶಾರ್ಕ್. ತಿಮಿಂಗಿಲ ಶಾರ್ಕ್ ಅಂತಲೂ ಕರೆಯುತ್ತಾರೆ, ಆದರೆ ಅದು ತಿಮಿಂಗಿಲ ಅಲ್ಲ, ಮೀನೇ. ಜಗತ್ತಿನ ಅತಿ ದೊಡ್ಡ ಮೀನು. 18 ಮೀಟರ್‌ವರೆಗೆ ಬೆಳೆದ ದಾಖಲೆ ಇದೆ, ಸಾಮಾನ್ಯವಾಗಿ ಕಾಣುವುದು ಅದಕ್ಕಿಂತ ಬಹಳ ಚಿಕ್ಕವು. ಅಗಲವಾದ ಚಪ್ಪಟೆ ತಲೆ, ಬಾಯಿ ತಲೆಯ ಮುಂದುಗಡೆಯೇ. ಬೇರೆ ಹೆಚ್ಚಿನ ಶಾರ್ಕ್‌ಗಳಿಗೆ ಬಾಯಿ ಮೂತಿಯ ಕೆಳಗೆ ಇರುತ್ತದೆ, ಗಮನಿಸಿದ್ದೀರಾ? ಬೆನ್ನಿನ ಉದ್ದಕ್ಕೂ ಏಣುಗಳು, ಮೈತುಂಬಾ ಬಿಳಿ ಚುಕ್ಕೆ, ನಡುವೆ ಬಿಳಿ ಗೆರೆ. ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿ, ಮೀನಿನ ಮೊಟ್ಟೆ, ಸಣ್ಣ ಮೀನು. ನಿಧಾನ ಸ್ವಭಾವದ ಪ್ರಾಣಿ. ಮೇಲೆ ಹೇಳಿದ ಅಳತೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಯಾಕೆಂದರೆ ಇದರ ಬೆನ್ನಿನ ರೆಕ್ಕೆ ಬಹಳ ಹಿಂದೆ ಇರುತ್ತದೆ.

ಆ ಚುಕ್ಕೆಗಳದ್ದು ಒಂದು ಅದ್ಭುತ ಕಥೆ. ನಮ್ಮ ಬೆರಳಚ್ಚಿನ ಹಾಗೆ ಪ್ರತಿ ವೇಲ್ ಶಾರ್ಕ್‌ಗೂ ಚುಕ್ಕೆಗಳ ಜೋಡಣೆ ಬೇರೆ. ಅಂದರೆ ಜಾತಿ ಮಾತ್ರ ಅಲ್ಲ, ಯಾವ ಪ್ರಾಣಿ ಅಂತಲೂ ಹೇಳಬಹುದು. ಆದರೆ ಸಾವಿರಾರು ಫೋಟೋಗಳಲ್ಲಿ ಚುಕ್ಕೆ ಹೋಲಿಸುವುದು ಹೇಗೆ? 1986ರಲ್ಲಿ ಖಗೋಳ ವಿಜ್ಞಾನಿ ಎಡ್ವರ್ಡ್ ಗ್ರೋತ್ ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳನ್ನು ಹೊಂದಿಸಲು ಒಂದು ಲೆಕ್ಕದ ವಿಧಾನ ರೂಪಿಸಿದ್ದರು. ಮೂರು ಮೂರು ನಕ್ಷತ್ರ ಸೇರಿಸಿ ತ್ರಿಕೋನ ಮಾಡುವುದು, ಆ ತ್ರಿಕೋನದ ಬಾಹುಗಳ ಪ್ರಮಾಣ ನೋಡುವುದು. ಚಿತ್ರ ದೊಡ್ಡದಿರಲಿ, ಚಿಕ್ಕದಿರಲಿ, ತಿರುಗಿರಲಿ, ಬಾಹುಗಳ ಪ್ರಮಾಣ ಬದಲಾಗುವುದಿಲ್ಲ. ನಕ್ಷತ್ರದ ಜಾಗದಲ್ಲಿ ಬಿಳಿ ಚುಕ್ಕೆ ಇಟ್ಟರೆ? 2005ರಲ್ಲಿ ಜೇವನ್ ಅರ್ಜುಮಾನಿಯನ್, ಜೇಸನ್ ಹೋಮ್‌ಬರ್ಗ್, ಬ್ರಾಡ್ ನಾರ್ಮನ್ ಇದೇ ವಿಧಾನವನ್ನು ವೇಲ್ ಶಾರ್ಕ್‌ಗೆ ಒಗ್ಗಿಸಿ ಪ್ರಕಟಿಸಿದರು. ಆಕಾಶ ನೋಡುವ ಲೆಕ್ಕ ಸಮುದ್ರಕ್ಕೆ ಇಳಿಯಿತು. ಇದಕ್ಕೆ ಬೇಕಾದ ಫೋಟೋ ಕಿವಿರಿನ ಸೀಳುಗಳ ಹಿಂದೆ, ಎದೆಯ ರೆಕ್ಕೆಯ ಮೇಲಿನ ಭಾಗದ್ದು. ಎಡ ಮಗ್ಗುಲಿನದ್ದು ಇದ್ದರೆ ಒಳ್ಳೆಯದು, ಯಾಕೆಂದರೆ ಎಲ್ಲರೂ ಒಂದೇ ಮಗ್ಗುಲು ತೆಗೆದರೆ ಹೋಲಿಸಬಹುದು. ದೋಣಿಯಿಂದ ತೆಗೆದ ತಲೆಯ ಫೋಟೋ ಎಷ್ಟು ಚೆಂದ ಇದ್ದರೂ ಇದಕ್ಕೆ ಉಪಯೋಗಕ್ಕೆ ಬಾರದು.

ವೇಲ್ ಶಾರ್ಕ್‌ಗೆ 2001ರಿಂದ ನಮ್ಮ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಹಿಡಿಯುವುದು, ಮಾರುವುದು ಅಪರಾಧ. ಅದಕ್ಕೂ ಮೊದಲು ಗುಜರಾತ್ ಕರಾವಳಿಯಲ್ಲಿ ಇವುಗಳನ್ನು ಬೇಟೆಯಾಡುತ್ತಿದ್ದರು. 2004ರಲ್ಲಿ ಅಲ್ಲಿ ಶುರುವಾದ ಅಭಿಯಾನದಲ್ಲಿ ಪ್ರವಚನಕಾರ ಮೊರಾರಿ ಬಾಪು ಈ ಮೀನನ್ನು 'ವ್ಹಾಲಿ' ಅಂತ ಕರೆದರು. ಗುಜರಾತಿಯಲ್ಲಿ ಅಕ್ಕರೆಯವಳು ಅಂತ ಅರ್ಥ. ತವರಿಗೆ ಹೆರಿಗೆಗೆ ಬಂದ ಮಗಳನ್ನು ನೋಯಿಸುತ್ತೀರಾ ಅನ್ನುವುದು ಆ ಅಭಿಯಾನದ ಭಾವ. ಬಲೆಗೆ ಬಿದ್ದ ವೇಲ್ ಶಾರ್ಕನ್ನು ಬಿಡಿಸಲು ಮೀನುಗಾರರು ಬಲೆ ಕತ್ತರಿಸಿದರೆ ಪರಿಹಾರ ಕೊಡುವ ವ್ಯವಸ್ಥೆಯೂ ಬಂತು. ಸರಿಯಾದ ಹೆಸರು ಗೊತ್ತಿರುವುದರಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದು. ಕಾನೂನು ಜಾತಿಯ ಹೆಸರು ಹಿಡಿದು ನಡೆಯುತ್ತದೆ. ಮೋರಿ, ಮುಶಿ, ತಾಟೆ ಅನ್ನುವ ಹೆಸರುಗಳ ಅಡಿಯಲ್ಲಿ ರಕ್ಷಣೆ ಇರುವುದೂ ಇಲ್ಲದ್ದೂ ಒಂದೇ ಬುಟ್ಟಿಗೆ ಬೀಳುತ್ತವೆ.

ಸುತ್ತಿಗೆ ತಲೆ ಶಾರ್ಕ್ ಕೂಡ ನೀರು ತಿಳಿಯಾಗಿದ್ದರೆ ಮೇಲಿನಿಂದ ಸುಲಭವಾಗಿ ಗೊತ್ತಾಗುತ್ತದೆ. ಅದರೊಳಗಿನ ಜಾತಿ ಹೇಳಲು ಸುತ್ತಿಗೆಯ ಮುಂದಿನ ಅಂಚು ನೋಡಬೇಕು. ಅಂಚು ಬಾಗಿದ್ದು ನಡುವೆ ಒಂದು ಕಚ್ಚು ಇದ್ದರೆ ಸ್ಕ್ಯಾಲಪ್ಡ್, ಅಂಚು ಹೆಚ್ಚುಕಡಿಮೆ ನೇರ ಇದ್ದು ಬೆನ್ನಿನ ರೆಕ್ಕೆ ಕುಡುಗೋಲಿನ ಹಾಗೆ ಬಹಳ ಎತ್ತರ ಇದ್ದರೆ ಗ್ರೇಟ್ ಹ್ಯಾಮರ್‌ಹೆಡ್. ಸ್ಕ್ಯಾಲಪ್ಡ್ ಈಗ ಜಗತ್ತಿನಾದ್ಯಂತ ಅಳಿವಿನ ಅಂಚಿನಲ್ಲಿದೆ. ಕಂಡರೆ ದಯವಿಟ್ಟು ಬರೆದಿಡಿ.

ನದಿಯಲ್ಲಿ ರೆಕ್ಕೆ ಕಂಡರೆ ಬುಲ್ ಶಾರ್ಕ್ ನೆನಪಿರಲಿ. ದಪ್ಪ ಮೈ, ಮೊಂಡು ಮೂತಿ, ಸಣ್ಣ ಕಣ್ಣು. ಸಿಹಿನೀರಿನಲ್ಲಿಯೂ ಬದುಕಬಲ್ಲದು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ವೈತರಣಾ ನದಿಯಲ್ಲಿ ಒಬ್ಬರಿಗೆ ಶಾರ್ಕ್ ಕಚ್ಚಿದ ಸುದ್ದಿ ಬಂದಾಗ ಬುಲ್ ಶಾರ್ಕ್ ಹೆಸರು ಕೇಳಿಬಂದದ್ದು ಅದಕ್ಕೇ.

ಫೋಟೋ ಬಗ್ಗೆ ಒಂದೆರಡು ಮಾತು. ರೆಕ್ಕೆ ಕಂಡ ಕೂಡಲೇ ಹತ್ತಿರ ಹೋಗುವ ಆಸೆ ಆಗುತ್ತದೆ. ಎಂಜಿನ್ ಜೋರು ಮಾಡಿದರೆ ಅದು ಮುಳುಗುತ್ತದೆ, ಮತ್ತೆ ಏನೂ ಸಿಗುವುದಿಲ್ಲ. ಎಂಜಿನ್ ನಿಧಾನ ಮಾಡಿ ಕಾಯುವುದು ಒಳ್ಳೆಯದು. ಸೂರ್ಯ ಬೆನ್ನ ಹಿಂದೆ ಇರಲಿ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಕಡಿಮೆಯಾಗಿ ಮೈಯ ಆಕಾರ ಕಾಣುತ್ತದೆ. ಜೂಮ್ ಮಾಡಿ ರೆಕ್ಕೆಯ ಒಂದೇ ಫೋಟೋ ತೆಗೆಯುವ ಬದಲು ದೋಣಿಯ ಅಂಚು ಜೊತೆಗೆ ಬರುವ ಹಾಗೆ ವಿಡಿಯೋ ಮಾಡಿ. ಅಳತೆಯೂ ಸಿಗುತ್ತದೆ, ಈಜುವ ರೀತಿಯೂ ಸಿಗುತ್ತದೆ. ಸಮಯ, ಜಾಗ ಕೂಡಲೇ ಬರೆದುಕೊಳ್ಳಿ.

ಇಷ್ಟೆಲ್ಲ ದೋಣಿಯಲ್ಲಿ ಕಲಿಯುವುದು ಕಷ್ಟ. ಅಲ್ಲಿ ಸಿಗುವುದು ನಾಲ್ಕೈದು ನಿಮಿಷ ಅಷ್ಟೇ, ಅದೂ ಅಪರೂಪಕ್ಕೆ. ಕಣ್ಣು ಪಳಗಿಸಲು ನಮ್ಮ ಮೀನು ಮಾರುಕಟ್ಟೆಗಿಂತ ಒಳ್ಳೆಯ ಶಾಲೆ ಇಲ್ಲ. ಮರುದಿನ ಬೆಳಿಗ್ಗೆ ಹುಡುಗನನ್ನು ವಾಸ್ಕೋ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಮೀನು ಮಾರುವ ಮಾವಶಿಯ ಬುಟ್ಟಿಯಲ್ಲಿ ಸಣ್ಣ ಮೋರಿಗಳಿದ್ದವು. ಇಲ್ಲಿಯವರು ಹುಳಿ ಖಾರದ ಅಂಬೋಟ್ ತೀಕ್ ಮಾಡುವುದು ಇದರಲ್ಲೇ. ಪಕ್ಕದಲ್ಲಿ ಇನ್ನೊಂದು ಮೀನು. ಮೂತಿ ಚೂಪು, ಬೆನ್ನ ಮೇಲೆ ಎರಡು ರೆಕ್ಕೆ, ನೋಡಲು ಥೇಟ್ ಶಾರ್ಕ್. ಹುಡುಗ ಅದನ್ನೂ ಮೋರಿ ಅಂದ. ಮಾವಶಿ ನಗುತ್ತಾ ಅದನ್ನು ಮಗುಚಿ ತೋರಿಸಿದರು. ಕಿವಿರಿನ ಸೀಳುಗಳು ಹೊಟ್ಟೆಯ ಕಡೆ ಇದ್ದವು. ಅದು ಗಿಟಾರ್ ಮೀನು, ತೊರಕೆಯ ಬಳಗದ್ದು. ಶಾರ್ಕ್‌ಗೆ ಸೀಳುಗಳು ಕುತ್ತಿಗೆಯ ಎರಡೂ ಪಕ್ಕಕ್ಕೆ ಇರುತ್ತವೆ. ಈ ಒಂದು ಗುರುತು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಆಮೇಲೆ ಹುಡುಗ ಒಂದು ಸಣ್ಣ ಮೋರಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿದ. ತಲೆ ಗಾರೆ ಕೆಲಸದ ಕರಣೆಯ ಹಾಗೆ ಚಪ್ಪಟೆ. ಎದೆಯ ರೆಕ್ಕೆ ಗಿಡ್ಡ, ಅಗಲ. ಮೊದಲ ಬೆನ್ನಿನ ರೆಕ್ಕೆ ಬಹಳ ಹಿಂದೆ. ಎರಡನೆಯದು ಉಗುರಿನಷ್ಟು, ಕೆಳಗಿನ ರೆಕ್ಕೆ ಶುರುವಾಗಿ ಎಷ್ಟೋ ಹಿಂದೆ ಅದು ಶುರುವಾಗುತ್ತದೆ. ಕಪ್ಪು ತುದಿ ಎಲ್ಲೂ ಇಲ್ಲ. ಇದು ಹಾಲೂಡುವ ಪ್ರಾಣಿ ಅಲ್ಲದಿದ್ದರೂ ತಾಯಿಯ ಹೊಟ್ಟೆಯಲ್ಲಿ ಹೊಕ್ಕುಳಬಳ್ಳಿಯ ಮೂಲಕ ಆಹಾರ ಪಡೆದು ಬೆಳೆಯುತ್ತದೆ ಅಂತ ಹೇಳಿದಾಗ ಅವನು ಮೀನನ್ನು ಇನ್ನೂ ಹಗುರವಾಗಿ ಹಿಡಿದುಕೊಂಡ. ಹೊಟ್ಟೆಯ ಕೆಳಗೆ ಹಿಂದಿನ ಜೋಡಿ ರೆಕ್ಕೆಯ ಬಳಿ ಎರಡು ಸಣ್ಣ ಕಡ್ಡಿಗಳ ಹಾಗೆ ಇದ್ದವು. ಗಂಡು ಶಾರ್ಕ್‌ಗೆ ಮಾತ್ರ ಅವು ಇರುತ್ತವೆ.

ಮಾವಶಿಯ ತಕ್ಕಡಿಯ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಹಿಂದಿನ ದಿನದ ಪುಟದ ಎದುರಿಗೆ ಅವನು ಬರೆದ: "ವಾಸ್ಕೋ ಮಾರುಕಟ್ಟೆ. ಸ್ಕೋಲಿಯೋಡಾನ್ ಲ್ಯಾಟಿಕಾಡಸ್. 42 ಸೆಂಟಿಮೀಟರ್. ಗಂಡು. ಖಚಿತ."